ಬೆಟ್ಟದಂಚಿನ ಕಾಡುತೊಗರಿ: ಉಳಿಸುವ ಮತ್ತು ಬೆಳೆಸುವ ಬಗೆ

(ಬೀಜ ಸಂರಕ್ಷಣಾ ಶಿಬಿರವೊಂದರಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಪಾಠ)



ಮಲೆನಾಡಿನಲ್ಲಿ ತೊಗರಿಯನ್ನು ಹೊಲದ ಬೆಳೆಯಾಗಿ ಬೆಳೆಯುವವರು ವಿರಳ. ಅಂಗಳದ ಮೂಲೆಯಲ್ಲಿ ಒಂದು ಗಿಡ, ಗದ್ದೆಯ ಅಂಚಿನಲ್ಲಿ ನಾಲ್ಕು ಗಿಡ ಕಂಡರೆ ಅದೇ ಹೆಚ್ಚು. ತೊವ್ವೆಗೂ ಹುಳಿಗೂ ಬೇಕಾದ ಬೇಳೆ ಅಂಗಡಿಯಿಂದ ಬರುತ್ತದೆ. ಅಂಗಡಿಗೆ ಅದು ಕಲಬುರಗಿ, ಬೀದರ, ಯಾದಗಿರಿ ಕಡೆಯ ಕಪ್ಪು ನೆಲದಿಂದ ಬರುತ್ತದೆ. ಹೀಗಾಗಿ ತೊಗರಿಯೆಂದರೆ ಬಯಲುಸೀಮೆಯ ಮಾತು, ಬೆಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬ ಭಾವನೆ ಸಹಜವಾಗಿ ಬೆಳೆದಿದೆ.

ಈ ಭಾವನೆ ಸರಿಯಲ್ಲ. ತೊಗರಿಯ ರಕ್ತಸಂಬಂಧಿಗಳು ಬೆಟ್ಟದ ಅಂಚಿನಲ್ಲಿಯೇ ವಾಸವಾಗಿವೆ. ಬ್ಯಾಣದ ಹುಲ್ಲಿನ ನಡುವೆ, ಸೊಪ್ಪಿನಬೆಟ್ಟದ ಬಿಸಿಲು ಬೀಳುವ ಅಂಚಿನಲ್ಲಿ, ರಸ್ತೆಯ ಧರೆಯ ಮೇಲೆ ಹಬ್ಬಿಕೊಂಡು ಬೆಳೆಯುವ ಒಂದು ಬಳ್ಳಿ ಅವುಗಳಲ್ಲಿ ಮುಖ್ಯವಾದುದು. ಇದನ್ನು ಇಲ್ಲಿ ಕಾಡುತೊಗರಿ ಎಂದು ಕರೆಯಲಾಗಿದೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಕಜಾನಸ್ ಸ್ಕಾರಬಿಯಾಯಿಡಿಸ್. ನೋಡುವವರ ಕಣ್ಣಿಗೆ ಇದೊಂದು ಕಳೆ. ಆದರೆ ಬಯಲಿನ ತೊಗರಿಗೆ ಸಂಕಟ ಬಂದಾಗ ತಳಿವಿಜ್ಞಾನಿಗಳು ಹುಡುಕಿಕೊಂಡು ಬರುವುದು ಇಂತಹ ಕಳೆಗಳನ್ನೇ. ಇದನ್ನು ಉಳಿಸುವ ಹೊಣೆ ಬೆಟ್ಟದ ಊರುಗಳ ಮೇಲಿದೆ. ಉಳಿಸುವ ವಿಧಾನವೂ ಬಹಳ ಸುಲಭವಾಗಿದೆ. ಈ ಉಪನ್ಯಾಸದ ತಿರುಳು ಇಷ್ಟೇ.

ಒಂದು ಕುಲ, ಹಲವು ನೆಂಟರು

ಕಾಡಿನ ಈ ಬಳ್ಳಿಗಳನ್ನೂ ಪೊದೆಗಳನ್ನೂ ಹಿಂದೆ ಅಟಿಲೋಸಿಯಾ ಎಂಬ ಬೇರೆ ಕುಲಕ್ಕೆ ಸೇರಿಸಲಾಗಿತ್ತು. ಬೀಜದ ಕಣ್ಣಿನ ಬಳಿ ಬೆಳ್ಳಗೆ ಉಬ್ಬಿದ ಒಂದು ಅಂಗಾಂಶ ಇವುಗಳಲ್ಲಿ ಎದ್ದು ಕಾಣುತ್ತದೆ. ಸಾಗುವಳಿಯ ತೊಗರಿಯಲ್ಲಿ ಅದು ಸಾಮಾನ್ಯವಾಗಿ ಕಾಣುವುದಿಲ್ಲ. ಇಷ್ಟರ ಆಧಾರದ ಮೇಲೆ ಎರಡು ಕುಲಗಳನ್ನು ಬೇರೆಬೇರೆಯಾಗಿ ಇಡುವುದು ಸಲ್ಲದೆಂದು 1980ರ ದಶಕದಲ್ಲಿ ಡಚ್ ಸಸ್ಯವಿಜ್ಞಾನಿ ವಾನ್ ಡರ್ ಮೇಸೆನ್ ಅವರು ತೋರಿಸಿಕೊಟ್ಟು, ಅಟಿಲೋಸಿಯಾವನ್ನು ತೊಗರಿಯ ಕುಲವಾದ ಕಜಾನಸ್‌ನಲ್ಲಿ ವಿಲೀನಗೊಳಿಸಿದರು. ಈ ಕುಲದಲ್ಲಿ ಸುಮಾರು 32 ಪ್ರಭೇದಗಳಿವೆ. ಅವುಗಳಲ್ಲಿ ಹೆಚ್ಚಿನವು ಏಷ್ಯಾ ಮತ್ತು ಆಸ್ಟ್ರೇಲಿಯಾ ಖಂಡಗಳಿಗೆ ಸೇರಿದವು.

ಸಾಗುವಳಿ ತೊಗರಿಯ ಮೂಲಪುರುಷನೆಂದು ಒಪ್ಪಲಾಗಿರುವ ಕಜಾನಸ್ ಕಜಾನಿಫೋಲಿಯಸ್ ಒಡಿಶಾ ಮತ್ತು ಬಸ್ತರ್ ಭಾಗದ ಕಾಡುಗಳಲ್ಲಿದೆ. ನೆಟ್ಟಗೆ ಪೊದೆಯಾಗಿ ಬೆಳೆಯುವ ಕಜಾನಸ್ ಲಿನಿಯೇಟಸ್ ಪಶ್ಚಿಮ ಘಟ್ಟಗಳಲ್ಲಿದೆ. ಹಬ್ಬುವ ಕಾಡುತೊಗರಿಯಾದರೋ ಭಾರತದ ಉದ್ದಗಲಕ್ಕೂ, ಆಗ್ನೇಯ ಏಷ್ಯಾದ ಮೂಲಕ ಆಸ್ಟ್ರೇಲಿಯಾದವರೆಗೂ ವ್ಯಾಪಿಸಿದೆ. ವ್ಯಾಪ್ತಿ ದೊಡ್ಡದೆಂದ ಮಾತ್ರಕ್ಕೆ ಚಿಂತೆಯಿಲ್ಲವೆಂದು ಭಾವಿಸಬಾರದು. ಒಣಭೂಮಿಯ ಬಳ್ಳಿ ಬರವನ್ನು ತಾಳಲು ಕಲಿತಿರುತ್ತದೆ. ಘಟ್ಟದ ಬಳ್ಳಿ ಮಳೆ, ಮಂಜು, ತೇವದ ರೋಗಗಳನ್ನು ಎದುರಿಸಿ ಉಳಿದಿರುತ್ತದೆ. ಒಂದು ಊರಿನ ಬಳ್ಳಿ ನಾಶವಾದರೆ ಆ ಊರಿನ ಹವೆಗೆ ಹೊಂದಿಕೊಂಡ ಗುಣಗಳೂ ಅದರೊಡನೆ ಹೋಗುತ್ತವೆ. ಮತ್ತೊಂದು ಊರಿನ ಬಳ್ಳಿ ಆ ಸ್ಥಾನವನ್ನು ಪೂರ್ಣವಾಗಿ ತುಂಬಲಾರದು.

ಗುರುತಿಸುವ ಬಗೆ

ಕಾಡುತೊಗರಿ ಬಹುವಾರ್ಷಿಕ ಬಳ್ಳಿ. ಪೊದೆ ಸಿಕ್ಕಿದರೆ ಹತ್ತುತ್ತದೆ, ಸಿಗದಿದ್ದರೆ ನೆಲದ ಮೇಲೆ ಹರಡುತ್ತದೆ. ಎಲೆಯಲ್ಲಿ ಮೂರು ಕಿರುಎಲೆಗಳಿದ್ದು, ಅವುಗಳ ತುದಿ ಮೊಂಡಾಗಿರುತ್ತದೆ. ಕೆಳಭಾಗ ಮೃದುವಾದ ರೋಮಗಳಿಂದ ಬೂದುಬಣ್ಣಕ್ಕೆ ತಿರುಗಿರುತ್ತದೆ. ಎಲೆಯ ಕಂಕುಳಲ್ಲಿ ಸುಮಾರು ಒಂದು ಸೆಂಟಿಮೀಟರ್ ಉದ್ದದ ಹಳದಿ ಹೂಗಳು ಬಿಡುತ್ತವೆ. ಅವುಗಳ ಆಕಾರ ಅವರೆ, ತೊಗರಿ, ಬಟಾಣಿ ಹೂಗಳಂತೆಯೇ ಇರುತ್ತದೆ.

ಕಾಯಿಯನ್ನು ನೋಡಿದರೆ ಸಂಶಯಕ್ಕೆ ಎಡೆಯಿಲ್ಲ. ಅದರ ಉದ್ದ ಎರಡು ಸೆಂಟಿಮೀಟರಿನ ಆಸುಪಾಸು. ಮೈತುಂಬ ಉದ್ದನೆಯ ದಟ್ಟ ರೋಮಗಳಿದ್ದು, ಬೀಜ ಬೀಜದ ನಡುವೆ ಅಡ್ಡ ಗೆರೆಯಂತಹ ತಗ್ಗುಗಳಿರುತ್ತವೆ. ಒಳಗೆ ನಾಲ್ಕರಿಂದ ಆರು ಕಪ್ಪು ಅಥವಾ ಕಂದು ಬೀಜಗಳು. ಸಸ್ಯದ ಹೆಸರಿನ ಎರಡನೆಯ ಪದಕ್ಕೆ ಜೀರುಂಡೆಯಂತಹುದು ಎಂದು ಅರ್ಥ. 1753ರಲ್ಲಿ ಲಿನೇಯಸ್ ಇದನ್ನು ಅವರೆಯ ಬಂಧುವೆಂದು ಭಾವಿಸಿ ಬೇರೆ ಕುಲದಲ್ಲಿ ಇರಿಸಿದ್ದರೂ ಜೀರುಂಡೆಯ ವಿಶೇಷಣವನ್ನು ಕೊಟ್ಟವನು ಅವನೇ.

ಇಲ್ಲಿ ವಿದ್ಯಾರ್ಥಿಗಳು ಒಂದು ಎಚ್ಚರ ವಹಿಸಬೇಕು. ನಸಗುನ್ನಿಯ ಬಳ್ಳಿಗೂ ಮೂರು ಕಿರುಎಲೆಗಳಿವೆ, ಅದರ ಕಾಯಿಗೂ ರೋಮವಿದೆ. ಆದರೆ ನಸಗುನ್ನಿಯ ಎಲೆ ಬಹಳ ದೊಡ್ಡದು, ಹೂವು ಕಡುನೇರಳೆ, ಕಾಯಿ ಬೆರಳುದ್ದವಾಗಿ ಬಾಗಿರುತ್ತದೆ. ಅದರ ರೋಮ ತಗುಲಿದರೆ ಸಹಿಸಲಾರದ ತುರಿಕೆ ಉಂಟಾಗುತ್ತದೆ. ಹೂವು ಹಳದಿಯೆಂದು ಖಚಿತಪಡಿಸಿಕೊಳ್ಳದೆ ರೋಮವಿರುವ ಯಾವ ಕಾಯಿಗೂ ಕೈಹಾಕಬಾರದು.

ಬಯಲಿನ ಹೊಲಕ್ಕೆ ಬೆಟ್ಟದ ಬಳ್ಳಿಯ ಅಗತ್ಯ

ತೊಗರಿಯನ್ನು ಬೆಳೆಯುವುದರಲ್ಲಿಯೂ ತಿನ್ನುವುದರಲ್ಲಿಯೂ ಭಾರತಕ್ಕೆ ಜಗತ್ತಿನಲ್ಲಿ ಮೊದಲ ಸ್ಥಾನ. ಕಲಬುರಗಿಯನ್ನು ತೊಗರಿಯ ಕಣಜವೆಂದು ಕರೆಯುತ್ತಾರೆ. ಅಲ್ಲಿಯ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಆದರೂ ಅಲ್ಲಿಯ ರೈತರು ನಿಶ್ಚಿಂತರಲ್ಲ. ಅವರನ್ನು ಮೂರು ಶತ್ರುಗಳು ಬಿಡದೆ ಕಾಡುತ್ತವೆ.

ಮೊದಲನೆಯದು ಕಾಯಿಕೊರಕ ಹುಳು. ಹೂವು ಬಿಡುವ ಹೊತ್ತಿಗೆ ಬಂದು ಕಾಯಿಯನ್ನು ಕೊರೆದು ಬೀಜವನ್ನು ತಿನ್ನುತ್ತದೆ. ಗಿಡಗಳನ್ನು ಅಲುಗಾಡಿಸಿ, ಕೆಳಗೆ ಹಾಸಿದ ಬಟ್ಟೆಯ ಮೇಲೆ ಹುಳುಗಳನ್ನು ಉದುರಿಸಿ ನಾಶಮಾಡುವ ಪದ್ಧತಿ ಆ ಕಡೆಯ ರೈತರಲ್ಲಿ ಹಿಂದಿನಿಂದ ಇದೆ. ಎರಡನೆಯದು ಗೊಡ್ಡು ರೋಗ. ಕಣ್ಣಿಗೆ ಕಾಣದಷ್ಟು ಚಿಕ್ಕದಾದ ನುಸಿಯೊಂದು ಈ ನಂಜುರೋಗವನ್ನು ಹರಡುತ್ತದೆ; ರೋಗ ತಗುಲಿದ ಗಿಡ ಹಸಿರಾಗಿಯೇ ನಿಂತಿರುತ್ತದೆ, ಹೂವು ಕಾಯಿ ಮಾತ್ರ ಇರುವುದಿಲ್ಲ. ಮೂರನೆಯದು ಮಣ್ಣಿನ ಶಿಲೀಂಧ್ರದಿಂದ ಬರುವ ನೆಟೆ ರೋಗ ಅಥವಾ ಸೊರಗು ರೋಗ. 2022ರ ಮುಂಗಾರು ಹಂಗಾಮಿನಲ್ಲಿ ಕಲಬುರಗಿ ಸೀಮೆಯ ತೊಗರಿ ಹೊಲಗಳು ಈ ರೋಗದಿಂದ ಒಣಗಿ ನಿಂತುದನ್ನು ನಾಡು ಕಂಡಿದೆ.

ಕಾಡುತೊಗರಿಯ ಕಾಯಿಯ ಮೇಲಿನ ದಟ್ಟ ರೋಮವೇ ಅದರ ಬೇಲಿ. ಮೊಟ್ಟೆಯಿಂದ ಹೊರಬಂದ ಎಳೆಯ ಹುಳು ಆ ರೋಮಗಳನ್ನು ದಾಟಿ ಸಿಪ್ಪೆಯನ್ನು ಮುಟ್ಟಲು ಹೆಣಗಬೇಕಾಗುತ್ತದೆ. ಕಾಡುತೊಗರಿಯ ಕೆಲವು ಸಂಗ್ರಹಗಳಲ್ಲಿ ಗೊಡ್ಡು ರೋಗಕ್ಕೂ ನಿರೋಧಕ ಶಕ್ತಿ ಕಂಡುಬಂದಿದೆ. ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ ಈ ಬಳ್ಳಿ ಸಾಗುವಳಿ ತೊಗರಿಯೊಡನೆ ಕೂಡಿ ಫಲವತ್ತಾದ ಬೀಜವನ್ನು ಕೊಡಬಲ್ಲದು. ದೂರದ ನೆಂಟನಲ್ಲಿ ಎಷ್ಟೇ ಒಳ್ಳೆಯ ಗುಣವಿದ್ದರೂ ಸಂಕರ ಸಾಧ್ಯವಾಗದಿದ್ದರೆ ತಳಿಗಾರನಿಗೆ ಪ್ರಯೋಜನವಿಲ್ಲ. ಕಾಡುತೊಗರಿ ಹತ್ತಿರದ ನೆಂಟ.

ಇದರ ಒಂದು ಫಲ ಈಗಾಗಲೇ ದೊರೆತಿದೆ. ತೊಗರಿಯ ಒಂದೇ ಹೂವಿನಲ್ಲಿ ಗಂಡು ಹೆಣ್ಣು ಭಾಗಗಳೆರಡೂ ಇರುವುದರಿಂದ ಸಂಕರ ಬೀಜವನ್ನು ದೊಡ್ಡ ಪ್ರಮಾಣದಲ್ಲಿ ಪಡೆಯಲು ಪರಾಗವಿಲ್ಲದ ತಾಯಿಗಿಡ ಬೇಕು. ಕಾಡುತೊಗರಿಯನ್ನು ತಾಯಿಯಾಗಿಟ್ಟು, ತಲೆಮಾರು ತಲೆಮಾರು ಸಾಗುವಳಿ ತೊಗರಿಯ ಪರಾಗವನ್ನೇ ಕೊಡುತ್ತ ಹೋದಾಗ ಅಂತಹ ಗಿಡ ಸಿಕ್ಕಿತು. ರೂಪದಲ್ಲಿ ಅದು ತೊಗರಿ. ಜೀವಕೋಶದ ರಸ ಮಾತ್ರ ಕಾಡು ತಾಯಿಯದು. ಇವೆರಡರ ಹೊಂದಾಣಿಕೆ ತಪ್ಪಿದ್ದರಿಂದ ಅದರಲ್ಲಿ ಫಲವತ್ತಾದ ಪರಾಗ ಹುಟ್ಟುವುದಿಲ್ಲ. ಈ ಮಾರ್ಗದಿಂದ ರೂಪುಗೊಂಡ ಜಿ.ಟಿ.ಎಚ್.-1 ಎಂಬ ಸಂಕರ ತಳಿ 2004ರಲ್ಲಿ ಗುಜರಾತಿನಲ್ಲಿ ಬಿಡುಗಡೆಯಾಯಿತು. ಅನಂತರ ಕಜಾನಿಫೋಲಿಯಸ್ ಮೂಲದ ತಾಯಿಯನ್ನು ಬಳಸಿ ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆ ರೂಪಿಸಿದ ಐ.ಸಿ.ಪಿ.ಎಚ್. 2671 ತಳಿ 2010ರಲ್ಲಿ ಮಧ್ಯಪ್ರದೇಶಕ್ಕೆ ಬಂದಿತು. ಧರೆಯ ಮೇಲಿನ ಕಳೆಯೆನಿಸಿದ ಬಳ್ಳಿಯೊಂದು ಹೊಲದ ತಳಿಯ ತಾಯಿಯಾದ ಕಥೆ ಇದು.

ಕೆಲಸ ಸುಲಭವೆಂದು ಮಾತ್ರ ತಿಳಿಯಬಾರದು. ಕಾಡುತೊಗರಿಯಿಂದ ರೋಗನಿರೋಧಕ ಗುಣವನ್ನು ತೆಗೆದುಕೊಳ್ಳಹೊರಟರೆ ಚಿಕ್ಕ ಬೀಜ, ಸಿಡಿಯುವ ಕಾಯಿ, ಹಬ್ಬುವ ಸ್ವಭಾವ ಇವೂ ಬೆನ್ನಿಗೇ ಬರುತ್ತವೆ. ಬೇಕಾದುದನ್ನು ಉಳಿಸಿ ಬೇಡವಾದುದನ್ನು ಕಳೆಯಲು ವರ್ಷಗಳೇ ಹಿಡಿಯುತ್ತವೆ. ಕೆಲಸಕ್ಕೆ ಕಾಲ ಬೇಕಾಗುವುದರಿಂದಲೇ ಮೂಲವಸ್ತು ಕಳೆದುಹೋಗದಂತೆ ನೋಡಿಕೊಳ್ಳುವುದು ಅಗತ್ಯ.

ಶೀತಲ ಕೋಣೆಯ ಬೀಜ, ಬೆಟ್ಟದ ಬೀಜ

ಇಕ್ರಿಸ್ಯಾಟ್‌ನ ಬೀಜಭಂಡಾರದಲ್ಲಿ ತೊಗರಿಯ 13,000ಕ್ಕೂ ಹೆಚ್ಚು ಮಾದರಿಗಳಿವೆ. ಕಾಡುಜಾತಿಗಳೂ ಅವುಗಳಲ್ಲಿ ಸೇರಿವೆ. ಹಾಗಿರುವಾಗ ಊರಿನ ಧರೆಯ ಬಳ್ಳಿಯನ್ನು ಉಳಿಸುವುದೇಕೆ ಎಂಬ ಪ್ರಶ್ನೆ ಏಳಬಹುದು. ಭಂಡಾರದ ಬೀಜ ಸಂಗ್ರಹವಾದ ದಿನಕ್ಕೆ ನಿಂತುಹೋಗಿರುತ್ತದೆ. ಹೊರಗೆ ಮಳೆಯ ಕ್ರಮ ಬದಲಾಗುತ್ತದೆ, ಬಿಸಿಲು ಏರುತ್ತದೆ, ಹೊಸ ರೋಗ ಬರುತ್ತದೆ. ಬೆಟ್ಟದ ಬಳ್ಳಿ ಪ್ರತಿವರ್ಷವೂ ಇವುಗಳಿಗೆ ಎದುರುನಿಂತು, ಉಳಿದುದು ಉಳಿದು, ಅಳಿದುದು ಅಳಿದು ಮುಂದೆ ಸಾಗುತ್ತದೆ. ಭಂಡಾರವೂ ಬೇಕು, ಬೆಟ್ಟವೂ ಬೇಕು. ಮೊದಲನೆಯದನ್ನು ಸಂಸ್ಥೆಗಳು ನೋಡಿಕೊಳ್ಳುತ್ತವೆ. ಎರಡನೆಯದನ್ನು ನೋಡಿಕೊಳ್ಳಬಲ್ಲವರು ಊರವರು ಮಾತ್ರ.

ಇಂದು ಬ್ಯಾಣಗಳು ಅಕೇಶಿಯಾ ನೆಡುತೋಪುಗಳಾಗಿಯೂ ಶುಂಠಿ ಪಟ್ಟಿಗಳಾಗಿಯೂ ರಬ್ಬರ್ ತೋಟಗಳಾಗಿಯೂ ಮಾರ್ಪಟ್ಟಿವೆ. ರಸ್ತೆ ಅಗಲಗೊಳ್ಳುವಾಗ ಯಂತ್ರಗಳು ಧರೆಯನ್ನು ಬುಡಸಹಿತ ಕೆರೆದುಹಾಕುತ್ತವೆ. ಕತ್ತಿಯಿಂದ ಸವರಿದರೆ ಬಳ್ಳಿ ಮುಂದಿನ ಮಳೆಗೆ ಮತ್ತೆ ಚಿಗುರುತ್ತಿತ್ತು. ಬೇರಿಗಿಳಿಯುವ ಕಳೆನಾಶಕ ಬಿದ್ದಮೇಲೆ ಚಿಗುರುವ ಮಾತಿಲ್ಲ. ಯಾರೂ ದ್ವೇಷದಿಂದ ಈ ಗಿಡವನ್ನು ಕೊಂದಿಲ್ಲ. ಹೆಸರು ತಿಳಿಯದ್ದರಿಂದ ಅದು ಸಾಯುತ್ತಿದೆ.

ಬೀಜ ಸಂಗ್ರಹ

ಮಳೆಗಾಲ ಮುಗಿಯುತ್ತಿದ್ದಂತೆ ಹೂಬಿಡುವ ಬಳ್ಳಿಯಲ್ಲಿ ಚಳಿಗಾಲದ ಹೊತ್ತಿಗೆ ಕಾಯಿ ಬಲಿಯುತ್ತದೆ. ಪೂರ್ತಿ ಒಣಗಿದ ಕಾಯಿ ಬಿಸಿಲಿಗೆ ಸಿಡಿದು ಬೀಜವನ್ನು ಚೆಲ್ಲಿಬಿಡುವುದರಿಂದ, ಹಸಿರು ಮಾಯವಾಗಿ ಕಂದುಬಣ್ಣಕ್ಕೆ ತಿರುಗುತ್ತಿರುವಾಗಲೇ ಬಿಡಿಸಬೇಕು. ಎಲ್ಲ ಕಾಯಿಗಳೂ ಒಮ್ಮೆಲೆ ಬಲಿಯುವುದಿಲ್ಲ; ವಾರಕ್ಕೊಮ್ಮೆಯಂತೆ ಮೂರುನಾಲ್ಕು ಸಲ ಹೋಗಬೇಕಾಗುತ್ತದೆ. ಒಂದೇ ಬಳ್ಳಿಯಿಂದ ತೆಗೆಯದೆ ಹಲವು ಬಳ್ಳಿಗಳಿಂದ ಸ್ವಲ್ಪ ಸ್ವಲ್ಪ ತೆಗೆಯುವುದು ಯುಕ್ತ. ಮೂರರಲ್ಲಿ ಎರಡು ಪಾಲು ಕಾಯಿಗಳು ಬಳ್ಳಿಯಲ್ಲಿಯೇ ಉಳಿಯಬೇಕು. ಅವು ಆ ಜಾಗದ ಹಕ್ಕು.

ಬಿಡಿಸಿದ ಕಾಯಿಗಳನ್ನು ಬುಟ್ಟಿಯಲ್ಲಿ ಹಾಕಿ ಮೇಲೆ ತೆಳುವಾದ ಬಟ್ಟೆ ಕಟ್ಟಿ ನೆರಳಿನಲ್ಲಿ ಒಣಗಿಸಬೇಕು. ಬಟ್ಟೆ ಇಲ್ಲದಿದ್ದರೆ ಬೀಜ ಸಿಡಿದು ಜಗಲಿಯ ತುಂಬ ಹರಡುವುದು ನಿಶ್ಚಯ. ಒಣಗಿದ ಬೀಜವನ್ನು ಒಲೆಯ ಬೂದಿಯೊಡನೆ ಬೆರೆಸಿ ಗಾಜಿನ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿಡಬೇಕು. ಊರು, ಜಾಗ, ದಿನಾಂಕ ಇವನ್ನು ಬರೆದ ಚೀಟಿ ಸೀಸೆಯ ಒಳಗೊಂದು, ಹೊರಗೊಂದು ಇರಲಿ. ಚೀಟಿಯಿಲ್ಲದ ಬೀಜ ವಿಳಾಸವಿಲ್ಲದ ಕಾಗದದಂತೆ.

ಬೆಳೆಸುವ ಕ್ರಮ

ಕಾಡುತೊಗರಿಯ ಬೀಜವನ್ನು ಹಾಗೆಯೇ ಮಣ್ಣಿಗೆ ಹಾಕಿದರೆ ಹೆಚ್ಚಿನವು ಆ ವರ್ಷ ಮೊಳೆಯುವುದಿಲ್ಲ. ಅದರ ಸಿಪ್ಪೆ ನೀರನ್ನು ಒಳಗೆ ಬಿಡುವುದಿಲ್ಲ. ಒಂದೇ ಮಳೆಯನ್ನು ನಂಬಿ ಎಲ್ಲ ಬೀಜಗಳೂ ಮೊಳೆತು ಬಿಸಿಲಿಗೆ ಸಾಯದಿರಲೆಂದು ಪ್ರಕೃತಿ ಮಾಡಿಕೊಂಡ ಏರ್ಪಾಡು ಇದು. ಬೆಳೆಸುವವರು ಈ ಬೀಗವನ್ನು ತೆರೆಯಬೇಕು. ಬೀಜದ ಕಣ್ಣಿಗೆ ಎದುರಾದ ಬದಿಯಲ್ಲಿ ಸಿಪ್ಪೆಯನ್ನು ಬ್ಲೇಡಿನಿಂದ ಸ್ವಲ್ಪವೇ ಕೆರೆಯಬೇಕು, ಇಲ್ಲವೆ ಮರಳುಕಾಗದದ ಮೇಲೆ ಉಜ್ಜಬೇಕು. ಬಳಿಕ ಒಂದು ರಾತ್ರಿ ನೀರಿನಲ್ಲಿ ನೆನೆಸಬೇಕು. ಬೆಳಗ್ಗೆ ಉಬ್ಬಿದ ಬೀಜ ಬಿತ್ತನೆಗೆ ಸಿದ್ಧ. ಉಬ್ಬದ ಬೀಜವನ್ನು ಮತ್ತೊಮ್ಮೆ ಕೆರೆದು ನೆನೆಸಬೇಕು. ಶಾಲೆಯ ಮಕ್ಕಳು ಹತ್ತು ಬೀಜಗಳನ್ನು ಕೆರೆದು, ಹತ್ತನ್ನು ಕೆರೆಯದೆ ಬಿತ್ತಿ ವ್ಯತ್ಯಾಸವನ್ನು ಬರೆದಿಟ್ಟರೆ ಅದೇ ಒಂದು ಪ್ರಾತ್ಯಕ್ಷಿಕೆ.

ಮಣ್ಣು, ಮರಳು, ಹಳೆಯ ಗೊಬ್ಬರ ಬೆರೆಸಿದ ಚೀಲಗಳಲ್ಲಿ ಮೇ ಕೊನೆಯ ವಾರದಲ್ಲಿ ಬಿತ್ತಬಹುದು. ಆಳ ಒಂದು ಸೆಂಟಿಮೀಟರ್ ಸಾಕು. ಕಾಡಿನ ಬಳ್ಳಿಯ ಬುಡದಿಂದ ಒಂದು ಹಿಡಿ ಮಣ್ಣನ್ನು ತಂದು ಬೆರೆಸಿದರೆ, ಬೇರುಗಂಟುಗಳಲ್ಲಿದ್ದು ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಸೂಕ್ಷ್ಮಾಣುಗಳು ಅದರೊಡನೆ ಬರುತ್ತವೆ. ತಾಯಿಬೇರು ಬೇಗ ಕೆಳಗಿಳಿಯುವುದರಿಂದ ಗಿಡವನ್ನು ಚೀಲದಲ್ಲಿ ಬಹಳ ಕಾಲ ಇಡಬಾರದು. ಆರೇಳು ವಾರದೊಳಗೆ, ಮಳೆ ಹದವಾಗಿರುವಾಗ, ಬೇರಿನ ಮಣ್ಣು ಒಡೆಯದಂತೆ ನೆಡಬೇಕು.

ಜಾಗ ಬಿಸಿಲಿನದಾಗಿರಬೇಕು, ನೀರು ನಿಲ್ಲಬಾರದು. ಅಡಕೆ ತೋಟದ ನೆರಳು ಇದಕ್ಕೆ ಸಲ್ಲದು. ಶಾಲೆಯ ಬೇಲಿ, ಅಗಳಿನ ದಂಡೆ, ಧರೆಯ ಮೇಲ್ಭಾಗ, ಬ್ಯಾಣದ ಅಂಚು ಯೋಗ್ಯ. ಗಿಡದಿಂದ ಗಿಡಕ್ಕೆ ಒಂದು ಮೀಟರ್ ಅಂತರವಿರಲಿ. ಹತ್ತಿಸಬೇಕೆಂದರೆ ಒಣಕೊಂಬೆ ನೆಡಬಹುದು; ಧರೆಯ ಮೇಲಾದರೆ ಹಾಗೆಯೇ ಹಬ್ಬಲು ಬಿಡುವುದು ಒಳಿತು, ಮಣ್ಣಿಗೆ ಹೊದಿಕೆಯಾಗುತ್ತದೆ. ಹೆಚ್ಚು ಗೊಬ್ಬರ ಬೇಡ. ಮೊದಲ ವರ್ಷ ದನಗಳಿಂದ ಕಾಪಾಡುವುದು ಮುಖ್ಯ, ಏಕೆಂದರೆ ಅವು ಇದನ್ನು ಇಷ್ಟಪಟ್ಟು ಮೇಯುತ್ತವೆ. ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಕೊಟ್ಟರೆ ಬೇರು ಗಟ್ಟಿಯಾಗುತ್ತದೆ. ಮುಂದೆ ಪ್ರತಿವರ್ಷ ಬೀಜ ಉದುರಿದ ಮೇಲೆ ನೆಲದಿಂದ ಒಂದು ಗೇಣು ಬಿಟ್ಟು ಸವರಿದರೆ ಮಳೆಗೆ ಹೊಸ ಚಿಗುರು ಬರುತ್ತದೆ.

ಎರಡು ಎಚ್ಚರಿಕೆಗಳು

ಜೇನು, ದುಂಬಿಗಳು ಒಂದು ಹೂವಿನಿಂದ ಮತ್ತೊಂದಕ್ಕೆ ಪರಾಗವನ್ನು ಒಯ್ಯುತ್ತವೆ. ಬೀಜಕ್ಕಾಗಿ ತೊಗರಿ ಬೆಳೆಯುವವರ ಪಕ್ಕದಲ್ಲಿ ಕಾಡುತೊಗರಿಯನ್ನು ನೆಟ್ಟರೆ ಎರಡೂ ಬೆರೆಯುವ ಸಂಭವವುಂಟು. ತೊಗರಿ ಬೀಜವೂ ಕೆಡುತ್ತದೆ, ಕಾಡು ಬೀಜದ ಶುದ್ಧತೆಯೂ ಕೆಡುತ್ತದೆ. ಆದ್ದರಿಂದ ಇವೆರಡನ್ನೂ ಕೆಲವು ನೂರು ಮೀಟರ್ ದೂರದಲ್ಲಿ ಇರಿಸತಕ್ಕದ್ದು.

ಎರಡನೆಯದಾಗಿ, ದೂರದ ಜಿಲ್ಲೆಯ ಬೀಜವನ್ನು ತಂದು ಊರ ಬೆಟ್ಟದಲ್ಲಿ ಚೆಲ್ಲಬಾರದು. ಊರ ಬೀಜ ಊರ ಬೆಟ್ಟಕ್ಕೆ ಎಂಬುದೇ ನಿಯಮ. ಸ್ಥಳದ ಗುಣವನ್ನು ಉಳಿಸುವುದಕ್ಕಾಗಿಯೇ ಈ ಶ್ರಮವಲ್ಲವೇ? ಜೊತೆಗೆ, ಇದು ಬೇಳೆಗಾಗಿ ಬೆಳೆಯುವ ಗಿಡವಲ್ಲ ಎಂಬುದೂ ನೆನಪಿರಲಿ. ಇದರ ಬೀಜವನ್ನು ಅಡುಗೆಗೆ ಬಳಸಬಾರದು.

ದಾಖಲೆ ಮತ್ತು ಹಕ್ಕು

2002ರ ಜೀವವೈವಿಧ್ಯ ಕಾಯಿದೆಯಡಿ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿರಬೇಕು. ಜನರ ತಿಳಿವಳಿಕೆಯನ್ನು ಆಧರಿಸಿದ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುವುದು ಅವುಗಳ ಮುಖ್ಯ ಕರ್ತವ್ಯ. ಬಹಳ ಕಡೆ ಈ ದಾಖಲಾತಿ ಔಷಧಿ ಗಿಡಗಳ ಪಟ್ಟಿಯಲ್ಲಿಯೇ ಮುಗಿಯುತ್ತದೆ. ಬೆಳೆಗಳ ಕಾಡುಬಂಧುಗಳಿಗೆ ಅದರಲ್ಲಿ ಒಂದು ಪುಟ ಬೇಕು. ಕಾಡುತೊಗರಿ ಎಲ್ಲಿದೆ, ಎಷ್ಟು ಬಳ್ಳಿಗಳಿವೆ, ಯಾವಾಗ ಹೂವು, ಯಾವಾಗ ಕಾಯಿ, ಊರವರು ಅದನ್ನು ಏನೆಂದು ಕರೆಯುತ್ತಾರೆ ಎಂಬಿಷ್ಟನ್ನು ವಿದ್ಯಾರ್ಥಿಗಳೇ ಬರೆಯಬಲ್ಲರು. ಬಳ್ಳಿಯ ಹೆಸರನ್ನು ಮೊದಲು ಹಿರಿಯರಲ್ಲಿ ಕೇಳಿ ಬರೆದುಕೊಳ್ಳಬೇಕು. ಪುಸ್ತಕದ ಹೆಸರು ಅನಂತರ.

2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, ನಾಟಿ ತಳಿಗಳನ್ನೂ ಬೆಳೆಗಳ ಕಾಡುಬಂಧುಗಳನ್ನೂ ಸಂರಕ್ಷಿಸುವ ರೈತರಿಗೆ ಮಾನ್ಯತೆ ಮತ್ತು ಪುರಸ್ಕಾರ ದೊರೆಯಬೇಕೆಂದು ಹೇಳುತ್ತದೆ. ಕಾನೂನಿನ ಈ ಮಾತು ಊರಿಗೆ ಉಪಯೋಗವಾಗಬೇಕಾದರೆ ಊರಿನ ಬಳಿ ಬರವಣಿಗೆಯ ಸಾಕ್ಷಿ ಇರಬೇಕು. ದಾಖಲೆಯಲ್ಲಿಲ್ಲದ ಗಿಡ ರಸ್ತೆ ಅಗಲಗೊಳಿಸುವವರ ನಕ್ಷೆಯಲ್ಲಿಯೂ ಇರುವುದಿಲ್ಲ.

ಆಗಬೇಕಾದ ಕೆಲಸ ದೊಡ್ಡದಲ್ಲ. ಬರುವ ಚಳಿಗಾಲದಲ್ಲಿ ಪ್ರತಿ ಊರೂ ತನ್ನ ಎಲ್ಲೆಯಲ್ಲಿ ಕಾಡುತೊಗರಿಯಿರುವ ಒಂದು ಜಾಗವನ್ನಾದರೂ ಗುರುತಿಸಲಿ. ಆ ಜಾಗಕ್ಕೆ ಕಳೆನಾಶಕ ಬೀಳದಂತೆ ಗ್ರಾಮಸಭೆಯಲ್ಲಿ ನಿರ್ಣಯವಾಗಲಿ. ಪ್ರತಿ ಶಾಲೆಯೂ ಒಂದು ಸೀಸೆ ಬೀಜವನ್ನು ಕೂಡಿಡಲಿ, ಮುಂದಿನ ಮಳೆಗೆ ಬೇಲಿಯ ಬದಿಯಲ್ಲಿ ಒಂದು ಸಾಲು ನೆಡಲಿ. ಇಷ್ಟಾದರೆ ಬಯಲಿನ ರೈತರಿಂದ ಪಡೆದ ಬೇಳೆಯ ಋಣದಲ್ಲಿ ಒಂದಂಶವನ್ನು ಬೆಟ್ಟದ ಜನರು ತೀರಿಸಿದಂತಾಗುತ್ತದೆ.